‘ಚೋಮನ ದುಡಿ’: ಮಂಗಳೂರಿನ ಮೊದಲ ಪ್ರದರ್ಶನ, ಉಡುಪಿಯ ಮರುಪ್ರದರ್ಶನ

ಶಿವರಾಮ ಕಾರಂತರ ‘ಚೋಮನ ದುಡಿ’ಯ ರಂಗರೂಪವನ್ನು ಎರಡು ಕಡೆ ನೋಡಿದೆ. ಮೊದಲ ಪ್ರದರ್ಶನ ಮಂಗಳೂರಿನ ಪುರಭವನದಲ್ಲಿ. ಕೆಲವು ವಾರಗಳ ನಂತರ ಉಡುಪಿಯ ಎಂಜಿಎಂ ಕಾಲೇಜಿನ ಬಯಲು ರಂಗಮಂದಿರ, ಮುದ್ದಣ ಮಂಟಪದಲ್ಲಿ. ತಂಡ ಒಂದೇ, ಕಲಾವಿದರೂ ಅವರೇ. ಕಾದಂಬರಿ ಓದಿದವರು ಯಾವುದಕ್ಕೆ ಹೋಗಬೇಕು ಎಂದು ಕೇಳಿದರೆ ಮೊದಲನೆಯದಕ್ಕೆ ಎನ್ನುತ್ತೇನೆ, ಅದರ ಒರಟುತನದ ಸಮೇತ.

ಆ ದಿನದ ಕಿರಿಕಿರಿ ಸಣ್ಣದೇನಲ್ಲ. ದೀಪ, ಶಾಲು, ಹಾರ, ಅತಿಥಿಗಳ ‘ಎರಡೇ ಮಾತು’ ಮುಗಿಯುವಷ್ಟರಲ್ಲಿ ಸಭೆ ಆಕಳಿಸುತ್ತಿತ್ತು. ಮುಂದಿನ ಸಾಲುಗಳು ಆಹ್ವಾನಿತರಿಗೆ ಮೀಸಲು, ಅರ್ಧ ಖಾಲಿ. ಒಮ್ಮೆಯಂತೂ ಬೆಳಕು ಕಥಾನಾಯಕ ಚೋಮನಿಗಿಂತ ಮೊದಲೇ ಗುಡಿಸಲು ಸೇರಿತು. ಆದರೆ 1933ರ ಈ ಪುಟ್ಟ ಕಾದಂಬರಿಯಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಜಗ್ಗಾಟ ಅಂದು ರಂಗದ ಮೇಲೆಯೇ ಕಾಣುತ್ತಿತ್ತು. ಕಾಫಿ ತೋಟದ ಭಾಗ ಎಳೆದಂತಿತ್ತು, ನಿಜ. ಚೋಮನ ಸಾಲ ತೀರಿಸಲು ತೋಟಕ್ಕೆ ಹೋದ ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುವುದು ಆ ಎಳೆತದಿಂದಲೇ ಮನಸ್ಸಿಗೆ ತಟ್ಟಿತು. ಉಡುಪಿಗೆ ಬರುವಾಗ ಅದನ್ನೆಲ್ಲ ಒಂದು ಹಾಡಿಗೆ ಇಳಿಸಿದ್ದರು. ನಾಟಕಕ್ಕೆ ಓಟ ಬಂತು, ಸಾಲದ ಭಾರ ಹೋಯಿತು.

ಬೇಸಾಯಕ್ಕೊಂದು ತುಂಡು ಭೂಮಿ ಬೇಡುವ ದಲಿತನ ಕಥೆಯನ್ನು, ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರಿನ ಮಂಗಳೂರು ಪುರಭವನದಲ್ಲಿ ನೋಡುವುದಕ್ಕೆ ಬೇರೆಯೇ ತೂಕವಿದೆ. ಭಾಷಣ ಮಾಡಿದವರಲ್ಲಿ ಯಾರಿಗೂ ಇದು ಹೊಳೆಯಲಿಲ್ಲ, ಬಿಡಿ.

ಉಡುಪಿ ಗೆದ್ದದ್ದು ದುಡಿಯಲ್ಲಿ, ಚೋಮ ಬಾರಿಸುವ ಚರ್ಮವಾದ್ಯದಲ್ಲಿ. ಮಂಗಳೂರಿನಲ್ಲಿ ಧ್ವನಿಮುದ್ರಿತ ನಾದ ಬಳಸಿದ್ದರು. ನಟನ ಕೈ ಒಂದು ಕಡೆ, ಪೆಟ್ಟು ಇನ್ನೊಂದು ಕಡೆ. ಬಯಲು ಮಂಟಪದಲ್ಲಿ ನಟ ತಾನೇ ಬಾರಿಸಿದ. ಆರಂಭಕ್ಕೆ ಮುನ್ನ ರಂಗದ ಹಿಂದೆ ಯಾರೋ ಕಾಗದ ಉರಿಸಿ ದುಡಿಯ ಚರ್ಮ ಕಾಯಿಸುತ್ತಿದ್ದರು. ಇಬ್ಬನಿಗೆ ಚರ್ಮ ಸಡಿಲವಾದರೆ ಸ್ವರ ಏಳುವುದಿಲ್ಲ. ಕೊನೆಗೆ ಚೋಮ ಬಾಗಿಲು ಮುಚ್ಚಿಕೊಂಡು ಬಾರಿಸುವಾಗ ಬಡಿತ ತಪ್ಪಿತು, ನಿಧಾನವಾಯಿತು, ಮತ್ತೆ ರಭಸದಿಂದ ಎದ್ದಿತು. ಧ್ವನಿವರ್ಧಕಕ್ಕೆ ಆ ದಣಿವು ಎಲ್ಲಿಂದ ಬರಬೇಕು? ವರ್ಷ ವರ್ಷವೂ ನಾಟಕ ಸ್ಪರ್ಧೆ ನೋಡಿ ಪಳಗಿದ ಉಡುಪಿಯವರು ಚಪ್ಪಾಳೆಗೆ ಅವಸರ ಮಾಡಲಿಲ್ಲ. ಮಂಗಳೂರಿನಲ್ಲಿ ಬಾಗಿಲು ಮುಚ್ಚುತ್ತಲೇ ಕೆಲವರು ಬೈಕಿನ ಕೀಲಿ ಹುಡುಕತೊಡಗಿದ್ದರು.

ಕಾದಂಬರಿ ಓದದವರು ಮಾತ್ರ ಮರುಪ್ರದರ್ಶನಕ್ಕೇ ಕಾಯಲಿ, ಕಥೆ ಎಲ್ಲಿಯೂ ತೊಡರುವುದಿಲ್ಲ. ಬಯಲಿನಲ್ಲಾದರೆ ಕಿವಿಗೊಂದು ಮಫ್ಲರ್ ಇರಲಿ.