ಲೈವ್ ಒಳ್ಳೆಯದಾ, ರೆಕಾರ್ಡಾ? ಒಂದು ಗಂಟೆಯ ಹಾಡಿನ ಶೋಗೆ ಮೂರು ದಾರಿ

ಕೋಲಾರದ ಮನೆಯಲ್ಲೇ ಕೂತು ಒಂದು ಸಣ್ಣ ಆನ್‌ಲೈನ್ ರೇಡಿಯೋಗೆ ವಾರಕ್ಕೊಂದು ಶೋ ಮಾಡುತ್ತೇನೆ. ಪ್ರತಿ ವಾರ ಒಂದೇ ವಿಷಯ. ಒಮ್ಮೆ ಮಳೆ, ಒಮ್ಮೆ ಕೆರೆ, ಒಮ್ಮೆ ಗಂಡ ಹೆಂಡಿರ ಜಗಳ. ಕೇಳುವವರು ಕಡಿಮೆ, ಆದರೆ ಬಿಡದೆ ಕೇಳುತ್ತಾರೆ. ಇದನ್ನು ಮೂರು ರೀತಿ ಮಾಡಿ ನೋಡಿದ್ದೇನೆ. ಮಿಕ್ಸ್ ಅನ್ನೋ ಡಿಜೆ ಸಾಫ್ಟ್‌ವೇರ್‌ನಲ್ಲಿ ಲೈವ್ (ಹುಡುಕುವಾಗ ಹೆಸರಿನ ಕೊನೆಗೆ ಮೂರು ಎಕ್ಸ್ ಹಾಕಿ). ಬಟ್ ಅನ್ನೋ ಪುಟ್ಟ ಸಾಫ್ಟ್‌ವೇರ್‌ನಲ್ಲಿ ಲೈವ್. ಇಲ್ಲವೇ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮೊದಲೇ ರೆಕಾರ್ಡ್ ಮಾಡಿ ಸ್ಟೇಷನ್‌ಗೆ ಫೈಲ್ ಕೊಡೋದು. ಮೂರೂ ಪುಕ್ಕಟೆ, ಹಾಗಾಗಿ ದುಡ್ಡಿನ ಮಾತು ಇಲ್ಲಿಗೇ ಮುಗೀತು.

ಮಿಕ್ಸ್‌ನಲ್ಲಿ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಒಂದು ಡೆಕ್‌ನಲ್ಲಿ ಹಾಡು ಓಡುವಾಗ ಇನ್ನೊಂದರಲ್ಲಿ ಮುಂದಿನದನ್ನು ಸಿದ್ಧ ಮಾಡಬಹುದು. ಮೈಕ್‌ನಲ್ಲಿ ಮಾತಾಡಿದರೆ ಹಾಡು ತಾನೇ ತಗ್ಗುವ ಹಾಗೆ ಇಡಬಹುದು. ಶೋವನ್ನು ಕೇಳುಗರಿಗೆ ಹಂಚುವ ಐಸ್‌ಕಾಸ್ಟ್ ಸರ್ವರ್‌ಗೆ ನೇರವಾಗಿ ಕಳಿಸುತ್ತದೆ, ಹಾಡಿನ ಹೆಸರೂ ಜೊತೆಗೇ ಹೋಗುತ್ತದೆ. ಕುಣಿಸೋ ಹಾಡುಗಳನ್ನು ಬಿಡುವಿಲ್ಲದೆ ಹಾಕುವವರಿಗೆ ಇದಕ್ಕಿಂತ ಚೆನ್ನಾಗಿರೋದು ಬೇಡ. ನನಗೆ ಮಾತ್ರ ಕೈ ಸಾಲಲಿಲ್ಲ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿ ಅಂದರೆ ಸುಮಾರು ಮೂರು ನಿಮಿಷ. ರಂಗಗೀತೆ ಹಾಕುವ ದಿನ ಆ ಮೂರು ನಿಮಿಷದೊಳಗೆ ಮುಂದಿನ ಹಾಡು ಹುಡುಕಬೇಕು, ಲೆವೆಲ್ ನೋಡಬೇಕು, ಚಾಟ್‌ಗೆ ಉತ್ತರ ಕೊಡಬೇಕು, ಏನು ಮಾತಾಡೋದು ಅಂತಲೂ ಯೋಚಿಸಬೇಕು. ಕೊನೆಗೆ ಬಾಯಿಂದ ಬರೋದು ‘ಈಗ ಮುಂದಿನ ಹಾಡು’ ಅಷ್ಟೇ.

ಬಟ್ ಮಾಡೋದು ಒಂದೇ ಕೆಲಸ. ಅದಕ್ಕೆ ಬಂದ ಸದ್ದನ್ನು ಸರ್ವರ್‌ಗೆ ಕಳಿಸುತ್ತದೆ. ಬೇಕಾದರೆ ಪಕ್ಕದಲ್ಲೇ ರೆಕಾರ್ಡ್ ಮಾಡುತ್ತದೆ, ಲೈನ್ ಕಡಿದರೆ ತಾನೇ ಮತ್ತೆ ಸೇರಿಕೊಳ್ಳಲು ನೋಡುತ್ತದೆ. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ತೊಡಕು ಒಂದೇ: ಕಂಪ್ಯೂಟರಿನ ಹಾಡನ್ನೂ ನಮ್ಮ ಮೈಕನ್ನೂ ಅದಕ್ಕೆ ಒಟ್ಟಿಗೆ ಮುಟ್ಟುವ ಹಾಗೆ ನಾವೇ ಹೊಂದಿಸಬೇಕು. ಅದಕ್ಕೆ ವರ್ಚುವಲ್ ಕೇಬಲ್ (ಒಂದು ಸಾಫ್ಟ್‌ವೇರಿನ ಸದ್ದನ್ನು ಇನ್ನೊಂದಕ್ಕೆ ಮುಟ್ಟಿಸುವ ಸಾಫ್ಟ್‌ವೇರ್) ಬಳಸಬಹುದು, ಇಲ್ಲವೇ ಸದ್ದುಗಳನ್ನು ಕೂಡಿಸುವ ಸಣ್ಣದೊಂದು ಮಿಕ್ಸರ್ ಪೆಟ್ಟಿಗೆ. ನಾನು ಮಿಕ್ಸರ್ ತಗೊಂಡೆ. ಒಂದು ಗುಂಡಿ ತಿರುಗಿಸಿದರೆ ಹಾಡು ತಗ್ಗುತ್ತದೆ, ಮೌಸ್ ಹಿಡಿದು ಒದ್ದಾಡೋದು ತಪ್ಪಿತು. ಬರೀ ಲೈವ್ ಮಾಡುವುದಾದರೆ ನನ್ನ ಓಟು ಬಟ್‌ಗೇ.

ಇಂಟರ್‌ನೆಟ್ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ಐವತ್ತು ಜನ ಕೇಳಿದರೂ ನಮ್ಮ ಮನೆಯಿಂದ ಹೋಗೋದು ಒಂದೇ ಸ್ಟ್ರೀಮ್, ಹಂಚೋದು ಸರ್ವರ್ ಕೆಲಸ. 128 ಕೆಬಿಪಿಎಸ್ ಆದರೆ ಗಂಟೆಗೆ ಸುಮಾರು 58 ಎಂಬಿ, 64 ಆದರೆ ಅದರ ಅರ್ಧ. ವೇಗ ಜಾಸ್ತಿ ಬೇಡ, ನಡುವೆ ಕಡಿಯಬಾರದು ಅಷ್ಟೇ. ನಮ್ಮ ಕಡೆ ಕಡಿಯೋದು ಕರೆಂಟಿನಿಂದ. ಗಾಳಿ ಮಳೆ ಶುರುವಾದರೆ ಕರೆಂಟ್ ಹೋಗುತ್ತದೆ, ರೌಟರ್ ಆರುತ್ತದೆ, ಯಾರೂ ಇಲ್ಲದಾಗ ತಾನೇ ಹಾಡು ಹಾಕುವ ಸ್ಟೇಷನ್ನಿನ ಆಟೋ ಡಿಜೆ ಎದ್ದು ಸಂಬಂಧವೇ ಇಲ್ಲದ ಯಾವುದೋ ಹಾಡು ಹಾಕುತ್ತದೆ. ಮಳೆ ಹಾಡಿನ ಶೋ ಮಳೆಯಿಂದಲೇ ನಿಂತರೆ ಯಾರಿಗೆ ದೂರು ಹೇಳೋದು?

ಲೈವ್‌ಗೆ ಇನ್ನೊಂದು ಕಾಟ ಫರ್ಮಾಯಿಷಿ. ಕೆರೆ ಹಾಡುಗಳ ನಡುವೆ ಯಾರೋ ಮಗಳ ಹುಟ್ಟುಹಬ್ಬಕ್ಕೆ ಸಿನಿಮಾ ಹಾಡು ಕೇಳುತ್ತಾರೆ. ಹಾಕಿದರೆ ವಿಷಯ ಕೆಡುತ್ತದೆ, ಹಾಕದಿದ್ದರೆ ಮುಖ ಕೆಡುತ್ತದೆ.

ರೆಕಾರ್ಡ್ ಮಾಡಿದ ಶೋ ಬೇರೆಯದೇ ಕೆಲಸ. ನಮ್ಮ ಸೀಮೆಯ ಪದಗಳ ಒಂದು ಶೋ ಹೇಗೆ ಕಟ್ಟಿದೆ ಅಂತ ಹೇಳುತ್ತೇನೆ. ಮೊದಲು ಮುಳಬಾಗಿಲಿನ ಶ್ರೀಪಾದರಾಜರ ಕೀರ್ತನೆ. ಆಮೇಲೆ ಕೈವಾರ ತಾತಯ್ಯನವರ ತತ್ವಪದ. (ಕೈವಾರ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, ಆದರೂ ನಮಗೆ ಅದು ನಮ್ಮದೇ.) ಒಬ್ಬರು ಕನ್ನಡದ ಹರಿದಾಸರು. ಇನ್ನೊಬ್ಬರು ಕೆಲವು ಶತಮಾನ ಈಚಿನವರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಇವೆರಡರ ನಡುವೆ ಏನು ಹೇಳೋದು? ಲೈವ್‌ನಲ್ಲಾಗಿದ್ದರೆ ಇಷ್ಟನ್ನೇ ಗಡಿಬಿಡಿಯಲ್ಲಿ ಓದಿ ಮುಗಿಸುತ್ತಿದ್ದೆ. ರೆಕಾರ್ಡಿಂಗ್‌ನಲ್ಲಿ ಕೀರ್ತನೆಯ ತಂಬೂರಿ ಪೂರ್ತಿ ಇಳಿಯಲು ಬಿಟ್ಟೆ. ಬೀಸುವ ಪದ ಹಾಡುವ ಒಬ್ಬ ಅಜ್ಜಿಯ ಮಾತು ಫೋನಿನಲ್ಲಿ ಇತ್ತು: ಬೀಸುವಾಗ ತೆಲುಗು ಪದವೂ ಬರೋದು, ಕನ್ನಡ ಪದವೂ ಬರೋದು, ಹಿಟ್ಟಿಗೇನು ಗೊತ್ತಾಗುತ್ತೆ ಅಂತ. ಕೋಳಿ ಕೂಗನ್ನು ಕತ್ತರಿಸಿ ಆ ಮಾತನ್ನು ನಡುವೆ ಇಟ್ಟೆ. ನಾನು ಬಾಯಿ ಬಿಡಬೇಕಾಗಲೇ ಇಲ್ಲ.

ಹಕ್ಕುಗಳನ್ನು ನೋಡಲೂ ಇದರಲ್ಲಿ ಪುರುಸೊತ್ತು ಸಿಗುತ್ತದೆ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ. ಅಂದರೆ 2026ರಲ್ಲಿ 1965ರವರೆಗಿನ ಮುದ್ರಣಗಳು ಬಿಡುಗಡೆ. ಆದರೆ ಸಾಹಿತ್ಯ, ಸಂಗೀತದ ಲೆಕ್ಕ ಬೇರೆ, ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಶ್ರೀಪಾದರಾಜರ ಪದ ಯಾರದ್ದೂ ಅಲ್ಲ, ಆದರೆ ಈಚೆಗೆ ಹಾಡಿದ ಸಿ.ಡಿ.ಗೆ ಒಡೆಯರಿದ್ದಾರೆ. ಸ್ಟೇಷನ್ ಯಾವ ಲೈಸೆನ್ಸ್ ಪಡೆದಿದೆ ಅಂತ ಮೊದಲೇ ಕೇಳಿಕೊಳ್ಳಿ.

ರೆಕಾರ್ಡ್ ಮಾಡಿದ್ದು ರೇಡಿಯೋನೇ ಅಲ್ಲ ಅನ್ನುವವರಿದ್ದಾರೆ. ನಮ್ಮದೇ ಜಿಲ್ಲೆಯ ಬೂದಿಕೋಟೆಯಲ್ಲಿ, ಸಮುದಾಯ ರೇಡಿಯೋಗೆ ಲೈಸೆನ್ಸೇ ಸಿಗದ ಕಾಲದಲ್ಲಿ, ‘ನಮ್ಮ ಧ್ವನಿ’ ಅನ್ನೋ ಊರಿನ ರೇಡಿಯೋ ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿತು. ರೇಡಿಯೋ ಅಲೆ ಇಲ್ಲದೆಯೂ ಅದು ರೇಡಿಯೋನೇ, ಅಲ್ವಾ? ಹೊತ್ತು ಜಾಸ್ತಿ ಹಿಡಿಯುತ್ತದೆ ಅನ್ನೋದು ಮಾತ್ರ ನಿಜ. ಒಂದು ಗಂಟೆಯ ಶೋಗೆ ಒಂದು ಸಂಜೆ ಪೂರ್ತಿ ಹೋಗುತ್ತದೆ. ನಮ್ಮ ‘ಅಆ’ಗಳನ್ನೆಲ್ಲ ಕತ್ತರಿಸುತ್ತಾ ಕೂತರೆ ಎರಡು.

ಈಗ ನಾನು 55 ನಿಮಿಷದ ಫೈಲ್ ಕೊಡುತ್ತೇನೆ. ಆಟೋ ಡಿಜೆ ಅದನ್ನು ಹೊತ್ತಿಗೆ ಸರಿಯಾಗಿ ಹಾಕುತ್ತದೆ. ಶೋ ಓಡುವಾಗ ನನಗೆ ಬೇರೆ ಕೆಲಸವೇ ಇಲ್ಲ, ಚಾಟ್‌ನಲ್ಲಿ ಕೂತು ಎಲ್ಲರ ಜೊತೆ ಹರಟುತ್ತೇನೆ. ಲೈವ್ ಮಾಡುವಾಗ ಇಷ್ಟು ಮಾತಿಗೆ ಸಿಗುತ್ತಲೇ ಇರಲಿಲ್ಲ. ಕೊನೆಯ ಐದು ನಿಮಿಷ ಬಟ್‌ನಲ್ಲಿ ಲೈವ್ ಬಂದು ಹೆಸರುಗಳನ್ನು ಓದಿ, ಮುಂದಿನ ವಾರದ ವಿಷಯ ಕೇಳುತ್ತೇನೆ. ಹೋದ ವಾರ ಎಲ್ಲರೂ ಸೇರಿ ಟೊಮ್ಯಾಟೊ ಅಂದರು. ಕೋಲಾರ ಅಂದಮೇಲೆ ಬೇಡ ಅನ್ನೋಕಾಗುತ್ತಾ? ಒಂದು ಗಂಟೆಗಾಗುವಷ್ಟು ಟೊಮ್ಯಾಟೊ ಹಾಡು ಹುಡುಕುತ್ತಿದ್ದೇನೆ.