ನೆಲದೊಳಗಿನ ಮೀನುತೊಟ್ಟಿ: ನಾಲ್ಕು ವರ್ಷ ಬಳಸಿದ ಮೇಲೆ

ಮೈಸೂರಿನ ನಮ್ಮ ಮನೆಯ ಹಾಲ್‌ನ ನೆಲದಲ್ಲೇ ಮೀನಿನ ತೊಟ್ಟಿ ಕಟ್ಟಿಸಿ, ಅದರ ಮೇಲೆ ಕಾಲಿಡಬಹುದಾದ ಗಾಜು ಹಾಸಿ ನಾಲ್ಕು ವರ್ಷವಾಯಿತು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ನೀರು. ಸುಮಾರು 2,200 ಲೀಟರ್ ಹಿಡಿಯುತ್ತದೆ. ನೀರಿನ ತೂಕವೇ ಎರಡು ಟನ್ನಿಗೆ ಮೇಲೆ. ನೆಲಮಹಡಿಯಾದ್ದರಿಂದ ಕಾಂಕ್ರೀಟ್ ತೊಟ್ಟಿಯನ್ನು ನೇರವಾಗಿ ಗಟ್ಟಿ ನೆಲದ ಮೇಲೆ ಕೂರಿಸಿದೆವು. ಮೇಲಿನ ಮಹಡಿಯಲ್ಲಿ ಕಟ್ಟಿಸುವ ಆಸೆಯಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪುವವರೆಗೆ ಒಂದು ಇಟ್ಟಿಗೆಯನ್ನೂ ಎತ್ತಬೇಡಿ.

ಈ ತೊಟ್ಟಿಯ ವಿಷಯದಲ್ಲಿ ಉಳಿದೆಲ್ಲವೂ ಒಂದೇ ಸಂಗತಿಯಿಂದ ಹುಟ್ಟುತ್ತದೆ: ಇಲ್ಲಿ ಮೀನನ್ನು ನೋಡುವುದು ಮೇಲಿನಿಂದ. ನಮ್ಮ ಪಶ್ಚಿಮ ಘಟ್ಟದ ಮಿಸ್ ಕೇರಳ ಮೀನಿನ ಚೆಲುವೆಲ್ಲ ಪಕ್ಕದ ಕೆಂಪು ಗೆರೆಯಲ್ಲಿದೆ; ಮೇಲಿನಿಂದ ಅದರ ಕಂದು ಬೆನ್ನಷ್ಟೇ ಕಾಣುತ್ತದೆ. ಅಂಗಡಿಯಲ್ಲಿ ಪಕ್ಕದ ಗಾಜಿನಿಂದ ನೋಡಿ ಮೆಚ್ಚಿದ ಬಹುಪಾಲು ಮೀನುಗಳ ಕತೆ ಇದೇ. ಕೊಯಿ ಮೇಲಿನಿಂದ ನೋಡಲು ಬಲು ಚೆಂದ, ಆದರೆ ಎರಡು ಅಡಿಯವರೆಗೂ ಬೆಳೆಯುವ ಮೀನಿಗೆ ಎರಡು ಅಡಿ ನೀರು ಸಾಲದು. ಹಾಗಾಗಿ ನಾವು ಆರಿಸಿದ್ದು ರಾಂಚು ಗೋಲ್ಡ್ ಫಿಶ್. ಬೆನ್ನಿನ ರೆಕ್ಕೆಯಿಲ್ಲದ ಈ ತಳಿಯನ್ನು ಜಪಾನಿನಲ್ಲಿ ಮೇಲಿನಿಂದ ನೋಡಿ ಸವಿಯುವುದಕ್ಕೆಂದೇ ಬೆಳೆಸಿದರು. ಅಗಲ ಬೆನ್ನು, ತಲೆಯ ಮೇಲಿನ ಗಂಟು, ತಿರುಗುವಾಗ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಾಲ: ಕುರ್ಚಿ ಎಳೆದುಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬೆಳಕು ಬಾಗುವುದರಿಂದ ಎರಡು ಅಡಿ ಆಳ ಕಣ್ಣಿಗೆ ಒಂದೂವರೆ ಅಡಿಯಂತೆ ತೋರುತ್ತದೆ. ನಕ್ಷೆ ಮಾಡಿಸುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ತಲೆಯ ಮೇಲೆ ನೆರಳು ಬಿದ್ದರೆ ಮೀನಿಗೆ ಅದು ಕೊಕ್ಕರೆ, ಮಿಂಚುಳ್ಳಿಯ ನೆರಳು. ಗಾಜಿನ ಮೇಲೆ ಯಾರಾದರೂ ಹಾದರೆ ಎಲ್ಲವೂ ಮೂಲೆಗೆ ಓಡುತ್ತವೆ. ನಮ್ಮಲ್ಲಿ ಓಡಾಡುವ ದಾರಿ ತೊಟ್ಟಿಯ ಪಕ್ಕದಲ್ಲಿದೆ, ಒಂದು ತುದಿಯಲ್ಲಿ ಎರಡು ಅಡಿ ಉದ್ದಕ್ಕೆ ಗಾಜಿನ ಬದಲು ಕಡಪ ಕಲ್ಲಿನ ಮುಚ್ಚಳವಿದೆ. ಬೆದರಿದ ಮೀನು ಅದರಡಿ ಸೇರುತ್ತದೆ, ನಮ್ಮ ನಿತ್ಯದ ಕೆಲಸವೂ ಅಲ್ಲಿಂದಲೇ ನಡೆಯುತ್ತದೆ. ಗುತ್ತಿಗೆದಾರರು "ಅದೆಲ್ಲ ಯಾಕೆ ಸಾರ್, ಬೇಕಾದಾಗ ಗಾಜು ಎತ್ತಿದರಾಯಿತು" ಎಂದಿದ್ದರು. ಹನ್ನೆರಡು ಮಿಲಿಮೀಟರಿನ ಮೂರು ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜಿನ ಒಂದೊಂದು ಹಲಗೆ ಎಂಬತ್ತು ಕಿಲೋ ದಾಟುತ್ತದೆ. ಮೀನಿಗೆ ಕಾಳು ಹಾಕಲು ದಿನಾ ಅದನ್ನು ಎತ್ತುವವರು ಯಾರು? ನನ್ನ ಹಟ ನಡೆದದ್ದು ಒಳ್ಳೆಯದಾಯಿತು. ಒಂದು ವರ್ಷದ ಉಚಿತ ಸೇವೆ ಮುಗಿದ ಮೇಲೆ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಈ ದುಡ್ಡಿಗೆ ಅಂಥ ನಡವಳಿಕೆ ಸಲ್ಲದು.

ಫಿಲ್ಟರ್ ಮೆಟ್ಟಿಲಿನ ಕೆಳಗಿದೆ. ತೊಟ್ಟಿಯಿಂದ ಪಂಪ್ ನೀರೆತ್ತುತ್ತದೆ, ಶುದ್ಧವಾದ ನೀರು ತಾನಾಗಿ ಹರಿದು ವಾಪಸಾಗುತ್ತದೆ. ಪಂಪಿನ ಹೀರುವ ಬಾಯಿ ನೀರಿನ ಮಟ್ಟದಿಂದ ಆರೇ ಇಂಚು ಕೆಳಗಿರುವುದರಿಂದ ಪೈಪ್ ಎಲ್ಲಾದರೂ ಬಿಟ್ಟುಕೊಂಡರೂ ತೊಟ್ಟಿ ಬರಿದಾಗದು. ಮೀನು ಬಿಡುವ ಮುಂಚೆ ಆರು ವಾರ ಫಿಲ್ಟರ್ ಓಡಿಸಿದೆವು; ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೇನೂ ಹಾನಿ ಮಾಡದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಅಷ್ಟು ಸಮಯ ಬೇಕು. ನಲ್ಲಿ ನೀರಿನ ಕ್ಲೋರಿನ್ ತೆಗೆಯದೆ ಒಂದು ಬಕೆಟ್ಟೂ ಸುರಿಯುವುದಿಲ್ಲ. ಕರೆಂಟ್ ಹೋದರೆ ಏರ್ ಪಂಪ್ ಇನ್ವರ್ಟರ್ ಮೇಲೆ ಓಡುತ್ತದೆ. ಬೇಸಿಗೆಯಲ್ಲಿ ಇದು ಕಡ್ಡಾಯ, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ.

ಬೇಸರವಿರುವುದು ಗಾಜಿನ ಅಡಿಯ ಮಂಜಿನ ಬಗ್ಗೆ. ಡಿಸೆಂಬರ್ ಬೆಳಗ್ಗೆ ನೀರು ಬೆಚ್ಚಗೆ, ಗಾಜು ತಣ್ಣಗೆ. ಒಳಮೈಯೆಲ್ಲ ಹನಿಗಟ್ಟಿ ಮೀನು ಬರಿಯ ಕಿತ್ತಳೆ ಮಬ್ಬಾಗುತ್ತದೆ. ನೀರಿಗೂ ಗಾಜಿಗೂ ನಡುವೆ ಅರ್ಧ ಅಡಿ ಗಾಳಿ ಬಿಟ್ಟು, ಕಲ್ಲಿನ ತುದಿಯಲ್ಲಿ ಕಂಪ್ಯೂಟರಿನ ಸಣ್ಣ ಫ್ಯಾನ್ ಕೂರಿಸಿದ ಮೇಲೆ ಬಹಳ ಮಟ್ಟಿಗೆ ತಗ್ಗಿದೆ, ಪೂರ್ತಿ ಹೋಗಿಲ್ಲ. ಗಾಜಿನ ಮೇಲ್ಮೈಗೆ ಜಾರದಂತೆ ಒರಟು ಚುಕ್ಕಿಗಳನ್ನು ಹಾಕಿಸಿದ್ದೇವೆ. ಆದರೂ ನಮ್ಮ ಅಮ್ಮ ಇಂದಿಗೂ ಅದರ ಮೇಲೆ ಕಾಲಿಡುವುದಿಲ್ಲ, ಸುತ್ತಿ ಬರುತ್ತಾರೆ.

ಒಟ್ಟು ಖರ್ಚಿನ ಅರ್ಧದಷ್ಟು ಗಾಜಿಗೇ ಹೋಯಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಕಳೆದದ್ದು ಮಂಜಿಗೆ ಮತ್ತು ಫೋನ್ ಎತ್ತದವರಿಗೆ. ವಾರಕ್ಕೊಮ್ಮೆ ನೀರು ಬದಲಿಸಲು ಮನೆಯಲ್ಲಿ ಒಬ್ಬರಾದರೂ ಮನಸ್ಸಿಟ್ಟು ನಿಲ್ಲುವವರಿದ್ದರೆ ಧಾರಾಳವಾಗಿ ಕಟ್ಟಿಸಿ.