ಕೆರೆಯೋ, ಬೆಟ್ಟವೋ, ಜಿಮ್ಮೋ: ಮೈಸೂರಿನಲ್ಲಿ ಮೊದಲ ವರ್ಷದ ಹಾಸ್ಟೆಲ್ ಹುಡುಗಿಯ ಲೆಕ್ಕ

ಊರಲ್ಲಿದ್ದಾಗ ವ್ಯಾಯಾಮ ಅಂತ ಬೇರೆ ಮಾಡಬೇಕಿರಲಿಲ್ಲ. ಬಸ್ ಸ್ಟಾಪಿಗೆ ನಡಿಗೆ, ಮನೆಗೆಲಸ, ಶಾಲೆಯ ಖೋಖೋ ಇದ್ದವು. ಹಾಸ್ಟೆಲ್ ಸೇರಿದ ಮೇಲೆ ಕ್ಲಾಸಿನ ಬೆಂಚು, ಮೆಸ್ಸಿನ ಬೆಂಚು, ರೂಮಿನ ಮಂಚ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಹಾಗಾಗಿ ಕೈಗೆಟಕಿದ್ದನ್ನೆಲ್ಲ ಮಾಡಿ ನೋಡಿದೆ. ನೋಡಿದ್ದು ಒಂದೇ ವಿಷಯ: ಇಂಟರ್ನಲ್ಸ್ ಪರೀಕ್ಷೆಯ ವಾರದಲ್ಲೂ ನಿಲ್ಲದೆ ನಡೆಯುವುದು ಯಾವುದು?

ಜಿಮ್ ಆ ವಾರದಲ್ಲೇ ಮೊದಲು ಕೈಕೊಟ್ಟಿತು. ಲೇಡೀಸ್ ಬ್ಯಾಚಿನ ಹೊತ್ತಿಗೂ ನಮ್ಮ ಲ್ಯಾಬಿನ ಹೊತ್ತಿಗೂ ಹೊಂದಿಕೆಯಾಗುತ್ತಿರಲಿಲ್ಲ. ಹೋಗಲಿ ಬಿಡಲಿ, ತಿಂಗಳ ಫೀಸು ಫೀಸೇ. ಟ್ರೈನರ್ ಎದುರಿಗಿದ್ದರೆ ಭಾರ ಎತ್ತುವ ಕ್ರಮ ಸರಿಯಾಗಿ ಕಲಿಯಬಹುದು, ಅದು ನಿಜಕ್ಕೂ ಲಾಭ. ಆದರೆ ಎರಡನೇ ವಾರಕ್ಕೇ ಪ್ರೋಟೀನ್ ಪೌಡರ್ ಡಬ್ಬದ ಮಾತು ಶುರುವಾಗುತ್ತದೆ. ಮೆಸ್ಸಿನ ಮೊಟ್ಟೆ, ಹೆಸರುಕಾಳಿನ ಪಲ್ಯ ನನಗೆ ಸಾಕು ಅಂದೆ.

ಶಟಲ್‌ನಷ್ಟು ಮಜಾ ಯಾವುದರಲ್ಲೂ ಇಲ್ಲ. ಹಾಸ್ಟೆಲ್ ಅಂಗಳದಲ್ಲಿ ಗಾಳಿ ಕಾಟ, ಒಳಾಂಗಣ ಕೋರ್ಟಿಗೆ ಗಂಟೆ ಲೆಕ್ಕದ ಬಾಡಿಗೆ. ಬಾಡಿಗೆ ಹಂಚಿಕೊಳ್ಳಲು ನಾಲ್ವರು ಬೇಕು. ನಾಲ್ವರೂ ಬೇರೆ ಬೇರೆ ವಿಭಾಗದವರಾದರೆ ಒಬ್ಬಳ ಪರೀಕ್ಷೆ ಮುಗಿಯುವಾಗ ಇನ್ನೊಬ್ಬಳದು ಶುರು.

ಮೈಯನ್ನು ಅತಿ ಹೆಚ್ಚು ದುಡಿಸಿದ್ದು ಚಾಮುಂಡಿ ಬೆಟ್ಟ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಚಿಲ್ಲರೆ ಮೆಟ್ಟಿಲುಗಳಲ್ಲಿ ಒಂದರ ಎತ್ತರ ಇನ್ನೊಂದಕ್ಕಿಲ್ಲ, ಕಾಲು ಲಯ ಹಿಡಿಯಲು ಬಿಡುವುದಿಲ್ಲ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ, ಬಗ್ಗಿ ಎದ್ದು, ಬಗ್ಗಿ ಎದ್ದು ಹತ್ತುತ್ತಾರೆ. ಅವರು ಹೊಡೆಯುವ ಬಸ್ಕಿ ಲೆಕ್ಕ ಹಾಕಿದರೆ ಯಾವ ಜಿಮ್ಮಿನವರೂ ತೆಪ್ಪಗಾಗಬೇಕು! ದೊಡ್ಡ ನಂದಿ ಕಂಡರೆ ಹೆಚ್ಚುಕಡಿಮೆ ಮುಕ್ಕಾಲು ದಾರಿ ಸವೆಯಿತು ಅಂತ ಅರ್ಥ. ಹತ್ತುವಾಗ ಏದುಸಿರು, ಆದರೆ ಮರುದಿನದ ತೊಡೆನೋವು ಬರುವುದು ಇಳಿದದ್ದಕ್ಕೆ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕಲ್ಲ, ಆ ಬಗೆಯ ಕೆಲಸದ ನೋವು ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಅದಕ್ಕೇ ನಾನು ಇಳಿಯುವುದು ಸಿಟಿ ಬಸ್ಸಿನಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆಧಾರ್ ಜೊತೆಗಿದ್ದರೆ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ. ಆಷಾಢ ಶುಕ್ರವಾರ ಮಾತ್ರ ವ್ಯಾಯಾಮಕ್ಕೆಂದು ಆ ಕಡೆ ತಲೆ ಹಾಕಬೇಡಿ, ಅಲ್ಲಿ ನಿಲ್ಲಲೂ ಜಾಗ ಸಿಗದು. ಏನೇ ಆದರೂ ಬೆಟ್ಟ ಭಾನುವಾರದ ಬಾಬತ್ತು. ವಾರದ ನಡುವೆ ಅರ್ಧ ದಿನ ಕಳೆಯುವ ಸ್ವಾತಂತ್ರ್ಯ ಯಾರಿಗಿದೆ?

ಕೊನೆಗೆ ಗೆದ್ದದ್ದು ಕುಕ್ಕರಹಳ್ಳಿ ಕೆರೆ. ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ, ಫೀಸಿಲ್ಲ, ಜೊತೆಗಾರರಿಗೆ ಕಾಯಬೇಕಿಲ್ಲ. ಮರಗಳ ಕೆಳಗೆ ಬಿರುಸಾಗಿ ನಡೆದರೆ ನನಗೆ ಒಂದು ಸುತ್ತಿಗೆ ಮುಕ್ಕಾಲು ಗಂಟೆಯ ಆಚೀಚೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ, ನಾಲ್ಕು ಸುತ್ತಿಗೆ ಅದು ದಾಟಿಹೋಗುತ್ತದೆ. ಇಂಟರ್ನಲ್ಸ್‌ನಲ್ಲೂ ನಿಲ್ಲಲಿಲ್ಲ: ಗೆಳತಿ ಪ್ರಶ್ನೆ ಕೇಳುವುದು, ನಾನು ಉತ್ತರ ಹೇಳುತ್ತ ನಡೆಯುವುದು. ನಡುವೆ ಹೆಜ್ಜಾರ್ಲೆಗಳು ನೀರಿಗಿಳಿದರೆ ಉತ್ತರ ಅಲ್ಲಿಗೇ ತುಂಡಾಗುತ್ತಿತ್ತು, ಅದು ಬೇರೆ ಮಾತು.

ಆದರೆ ಅದೇ ಸಂಸ್ಥೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅನ್ನುತ್ತದೆ, ಬರೀ ನಡಿಗೆಯಿಂದ ಅದು ಆಗುವುದಿಲ್ಲ. ಜಿಮ್ಮಿನಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಬ್ಯಾಗಿಗೆ ದಪ್ಪ ಪುಸ್ತಕ ತುಂಬಿ ಬೆನ್ನಿಗೇರಿಸಿ ಬಸ್ಕಿ, ಮಂಚದ ಅಂಚಿಗೆ ಕೈಯೂರಿ ಪುಷ್‌ಅಪ್. 20 ಲೀಟರ್ ನೀರಿನ ಕ್ಯಾನು ಅಂದರೆ 20 ಕಿಲೋ. ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಿ ಎತ್ತುವುದು ಗೊತ್ತಿದ್ದರೆ ಅದೇ ಡಂಬೆಲ್. ಕೆಳಗಿನ ರೂಮಿನವರು ನಿದ್ದೆಯಲ್ಲಿರಬಹುದು, ಕ್ಯಾನನ್ನು ಮೆಲ್ಲಗೆ ಇಳಿಸಿ.

ನಿಮ್ಮ ಗುಂಪಿನ ನಾಲ್ವರೂ ಒಂದೇ ವಿಭಾಗದವರಾಗಿದ್ದರೆ ಶಟಲ್ ಹಿಡಿಯಿರಿ, ನನ್ನ ಪಟ್ಟಿ ನಿಮಗೆ ಬೇಡ. ಹಾಸ್ಟೆಲ್ ಗೇಟು ಬೆಳಿಗ್ಗೆ ತಡವಾಗಿ ತೆರೆಯುವುದಾದರೆ ಕೆರೆಯನ್ನು ಸಂಜೆಗೆ ಇಟ್ಟುಕೊಳ್ಳಿ.